ತಟ್ಟೆ ಕಂಡ ಎರಡನೇ ಊಟ

ರಾಚಪ್ಪ ಐಲಿ ಮೋಸಗಾರ ಎಂದು ತಟ್ಟೆ ಹೇಳಿತು. ಮನುಷ್ಯರು ಯಾರಾದರೂ ಹೇಳಿದ್ದರೆ ನಾಲ್ಕು ಮಂದಿ ಕೂಡಿ ಹೌದೋ ಅಲ್ಲವೋ ಎಂದು ವಿಚಾರಿಸುತ್ತಿದ್ದರೇನೋ. ಹೇಳಿದ್ದು ತಟ್ಟೆಯಲ್ಲವೇ, ಯಾರೂ ವಿಚಾರಿಸಲಿಲ್ಲ.

ಅದೇನು ಸಾಮಾನ್ಯ ತಟ್ಟೆಯಲ್ಲ. ನೋಡಲು ಸ್ಟೀಲಿನದೇ, ಅಂಚು ಮಾತ್ರ ತುಸು ದಪ್ಪ. ಆ ಅಂಚಿನೊಳಗೆ ಸಾಸಿವೆ ಕಾಳಿನಂಥ ಕ್ಯಾಮೆರಾಗಳು, ತಳದಲ್ಲಿ ತೂಗುವ ಯಂತ್ರ. ಏನು ಬಡಿಸಿದರು, ಎಷ್ಟು ಉಂಡರು, ಅದರಲ್ಲಿ ಉಪ್ಪೆಷ್ಟು, ಸೊಪ್ಪೆಷ್ಟು ಎಂಬುದೆಲ್ಲ ಆ ಕ್ಷಣಕ್ಕೇ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಗೆ ಮುಟ್ಟುತ್ತಿತ್ತು. ತಟ್ಟೆಗೆ ಜೋಡಿಯಾಗಿ ಎದೆಯ ಮೇಲೊಂದು ಪಟ್ಟಿ. ಎರಡನ್ನೂ ಮಾಡಿದ್ದು 'ಸುಲಯ' ಎಂಬ ಕಂಪನಿ. ಕೊಟ್ಟದ್ದು ಎದೆಬಡಿತ ತಾಳ ತಪ್ಪಿದವರಿಗೆ.

ತಾಳ ತಪ್ಪಿದ ಹೃದಯದಲ್ಲಿ ಮೇಲಿನ ಕೋಣೆಗಳು ಬಡಿಯುವ ಬದಲು ಬರೀ ನಡುಗುತ್ತವೆ. ರಕ್ತ ಮುಂದೆ ಸಾಗದೆ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋಯಿತೋ, ಲಕ್ವ. ಹಾಗಾಗದಿರಲೆಂದು ರಕ್ತವನ್ನು ತೆಳುವಾಗಿಡುವ ಔಷಧ ಕೊಡುತ್ತಾರೆ. ಆದರೆ ಆ ಔಷಧಕ್ಕೂ ಹಸಿರು ಸೊಪ್ಪಿಗೂ ಆಗಿಬರುವುದಿಲ್ಲ. ಸೊಪ್ಪು ಜಾಸ್ತಿ ತಿಂದರೆ ಔಷಧದ ಜೋರು ಕಡಿಮೆ. ಸೊಪ್ಪಿಲ್ಲದೆ ಔಷಧ ಜಾಸ್ತಿಯಾದರೆ ರಕ್ತ ಎಲ್ಲೆಂದರಲ್ಲಿ ಸೋರತೊಡಗುತ್ತದೆ. ಹಿಂದಿನ ಡಾಕ್ಟರುಗಳು 'ದಿನಾಲು ಒಂದೇ ಅಳತೆಯ ಸೊಪ್ಪು ತಿನ್ನಿ, ಆಗಾಗ ರಕ್ತ ತೋರಿಸಿ' ಎನ್ನುತ್ತಿದ್ದರು. ಸುಲಯ ಬಂದು, 'ಬೇಕಾದ್ದು ಉಣ್ಣಿ, ಲೆಕ್ಕ ನಮಗಿರಲಿ' ಎಂದಿತು. ತಟ್ಟೆ ಸೊಪ್ಪು ತೂಗುವುದು, ಪಟ್ಟಿ ಅದಕ್ಕೆ ತಕ್ಕಷ್ಟು ಔಷಧವನ್ನು ಚರ್ಮದ ಮೂಲಕ ಒಳಗೆ ಬಿಡುವುದು. ಎಷ್ಟು ನಡೆಯಬೇಕು, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು ಎಂದು ಹೇಳುವುದೂ ಪಟ್ಟಿಯೇ. ಔಷಧ ಏರಿಸಿದರೆ, ಇಳಿಸಿದರೆ ಅದರ ಕಾರಣವನ್ನು ರೋಗಿಗೆ ಕೇಳುವಂತೆ ಬಾಯಿಬಿಟ್ಟು ಹೇಳಬೇಕೆಂದು ಸರಕಾರದ ನಿಯಮವೂ ಇತ್ತು. ಇಷ್ಟೆಲ್ಲ ಇದ್ದ ಮೇಲೆ ರಕ್ತ ಪರೀಕ್ಷೆ ಯಾಕೆಂದು ಅದನ್ನು ನಿಲ್ಲಿಸಿಯೇಬಿಟ್ಟರು.

ಗಂಗೋತ್ರಿ ಮುಳಗುಂದ ಆ ಕೊಠಡಿಯ ಆಹಾರ ತಜ್ಞೆ. ಗದಗ-ಬೆಟಗೇರಿ ಕಡೆಯ ಮನೆಗಳೆಲ್ಲ ಅವಳ ಪಾಲಿಗೆ. ರಾಚಪ್ಪನಿಗೆ ಮೂಗಿನಿಂದ ರಕ್ತ ನಿಲ್ಲದೆ ಗದಗಿನ ಆಸ್ಪತ್ರೆಗೆ ಸೇರಿಸಿದ್ದಾರೆಂಬ ಸುದ್ದಿ ಬಂದಾಗ ಅವಳು ತೆರೆಯ ಮೇಲೆ ಅವನ ಊಟದ ನಕ್ಷೆ ತೆಗೆದಳು. ಎಂದಿನಂತೆ ಪ್ರತಿ ಹೊತ್ತಿಗೂ ಎರಡೆರಡು ಊಟ. ಮೊದಲನೆಯದು ಆಗಿ ಸ್ವಲ್ಪ ಹೊತ್ತಿಗೇ ಇನ್ನೊಂದು, ಅದರಲ್ಲಿ ಸೊಪ್ಪೇ ಸೊಪ್ಪು.

"ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?" ಎಂದರು ಡಾ. ಹರಿನಾಥ್. ಕೇಂದ್ರದ ಮುಖ್ಯಸ್ಥರು, ಬೆಂಗಳೂರಿನಿಂದ ಬಂದವರು, ದನಿ ಏರಿಸುವವರಲ್ಲ. "ಆಸಾಮಿ ಎರಡೆರಡು ಸಲ ಬಡಿಸ್ಕೋತಾನೆ. ಕೇಳಿದ್ರೆ ಇಲ್ಲ ಅಂತಾನೆ. ತಟ್ಟೇಲಿ ಹಾಕ್ಕೊಂಡಿದ್ದನ್ನ ದನಕ್ಕೆ ಹಾಕಿರಬೇಕು, ಪಟ್ಟಿ ಸೊಪ್ಪಿದೆ ಅಂದ್ಕೊಂಡು ಔಷಧಿ ಬಿಟ್ಟಿದೆ. ಇಂಥ ಅಸಹಕಾರಿಗಳನ್ನ ಇಟ್ಕೊಂಡು ನಾವೇನು ಮಾಡೋದು? ಹೆಸರು ತೆಗೆದುಬಿಡಿ."

"ಸರ್, ಮುಂದಿನ ತಿಂಗಳ ಅವರ ಚಿಕಿತ್ಸಾ ಸರದಿ ಐತಿ."

"ಸರದಿಯಿಂದಲೂ ತೆಗೀರಿ. ನಿಯಮ ಪಾಲಿಸೋರು ಬೇಕಾದಷ್ಟು ಜನ ಕಾಯ್ತಿದ್ದಾರೆ."

ಆ ಚಿಕಿತ್ಸೆಯೆಂದರೆ ತೊಡೆಯ ರಕ್ತನಾಳದಿಂದ ಎಳೆಯಂಥ ತಂತಿ ಹೃದಯದವರೆಗೆ ಕಳಿಸಿ, ತಾಳ ಕೆಡಿಸುವ ಜಾಗವನ್ನು ಸುಡುವುದು. ಅದಾದರೆ ರಾಚಪ್ಪನಿಗೆ ತಟ್ಟೆಯೂ ಬೇಡ, ಪಟ್ಟಿಯೂ ಬೇಡ. ಎರಡು ವರ್ಷದಿಂದ ಅದಕ್ಕೇ ಕಾದು ಕೂತಿದ್ದ.

ಗಂಗೋತ್ರಿಯೂ ಹಿಂದೆ ಅವನಿಗೆ ಫೋನು ಮಾಡಿ ಗದರಿಸಿದವಳೇ. "ಕಾಕಾರ, ಖರೇ ಹೇಳ್ರಿ, ಎರಡನೇ ಸಲ ಯಾಕ ಉಣ್ಣತೀರಿ?" ಎಂದರೆ ಆತ, "ತಂಗಿ, ನಾ ಉಣ್ಣೂದು ಒಂದ ಸಲ. ನಿಮ್ಮ ತಟ್ಟಿಗೆ ಬುದ್ಧಿ ಇಲ್ಲ" ಎಂದು ಸಿಟ್ಟಿನಿಂದ ಫೋನಿಟ್ಟಿದ್ದ. ಅವಳೂ ತಟ್ಟೆಯನ್ನೇ ನಂಬಿದ್ದಳು. ಈಗ ಆಸ್ಪತ್ರೆಯಿಂದ ಅವನ ಫೋಟೋ ಬಂತು. ಕೆನ್ನೆ ಒಳಗೆ ಹೋಗಿ, ಕೊರಳ ಎಲುಬು ಎದ್ದು ಕಾಣುತ್ತಿತ್ತು. ಇಬ್ಬರ ಊಟ ಉಣ್ಣುವವನು ಹೀಗಿರುತ್ತಾನೆಯೇ? ಮತ್ತೆ ಅವನ ಮನೆಯಲ್ಲಿ ದನವೆಲ್ಲಿದೆ, ಅವನು ನೇಕಾರ ಕಾಲೊನಿಯಲ್ಲಿ ಮಗ್ಗ ರಿಪೇರಿ ಮಾಡುವವನು. ಅವನ ಹೆಸರು ತೆಗೆಯದೆ ಹಾಗೇ ಬಿಟ್ಟು, ಭಾನುವಾರ ಬೆಳಿಗ್ಗೆ ಅವಳು ಬೆಟಗೇರಿಯ ಬಸ್ಸು ಹತ್ತಿದಳು.

ಓಣಿಯ ತುಂಬ ಪವರ್‌ಲೂಮಿನ ಖಟಪಟ. ಆಸ್ಪತ್ರೆಯಿಂದ ಹಿಂದಿನ ದಿನವೇ ಮನೆಗೆ ಬಂದಿದ್ದ ರಾಚಪ್ಪ ಮೂಗಿಗೆ ಅರಳೆ ತುರುಕಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತಿದ್ದ. ಮುಂಗೈ ಮೇಲೆಲ್ಲ ನೀಲಿ ಕಲೆಗಳು. ಬಂದವಳು ಯಾರೆಂದು ತಿಳಿದ ಕೂಡಲೇ ಮುಖ ತಿರುಗಿಸಿದ.

"ಬೈಯಾಕ ಇಲ್ಲೀ ತನಕಾ ಬಂದ್ಯೇನವಾ? ಫೋನಿನ್ಯಾಗ ಬೈದಿದ್ದು ಸಾಲಲಿಲ್ಲಾ?"

"ಬೈಯಾಕ ಬಂದಿಲ್ರಿ ಕಾಕಾರ. ನೋಡಾಕ ಬಂದೇನಿ."

"ನೋಡು. ಅರ್ಧಾ ಹೊಟ್ಟಿ ಉಂಡು ಎರಡು ಪಟ್ಟು ನಡಿಯೂ ಮನಿಷ್ಯಾ ಹೆಂಗಿರ್ತಾನ, ಕಣ್ತುಂಬ ನೋಡು."

ಅಂಬವ್ವ, ಅವನ ಹೆಂಡತಿ, ಒಳಗಿನಿಂದ ಬಂದು ನೀರು ಕೊಟ್ಟಳು. "ಸಿಟ್ಟಿಗೇಳಬ್ಯಾಡ ಯವ್ವಾ. ಹೆಚ್ಚ ಉಂಡೀರಿ, ಹೆಚ್ಚ ಉಂಡೀರಿ ಅಂತ ಆ ಪಟ್ಟಿ ದಿನಾ ಸಂಜೀಕ ಒದರ್ತೈತಿ. ನಾನೂ ಇವರಿಗೆ ಒಂದು ರೊಟ್ಟಿ ಕಡಿಮಿ ಮಾಡಿದ್ಯಾ. ಆಮ್ಯಾಲೆ ಇನ್ನೊಂದು ಕಡಿಮಿ ಮಾಡಿದ್ಯಾ. ಆದ್ರೂ ಒದರೂದು ಬಿಡವಲ್ದು. ಉಂಡದ್ದು ಕರಗಬೇಕು, ಇನ್ನೊಂದು ಸುತ್ತು ನಡೀರಿ ಅಂತ ಇವರನ್ನ ಕತ್ತಲಾಗೂ ತನಕಾ ತಿರುಗಿಸ್ತೈತಿ. ದಿನಾ ಮಗ್ಗದ ಮನೀ ಮನೀ ಅಡ್ಡಾಡಿ ಬರ್ತಾರಲ್ಲ, ಅದನ್ನೆಲ್ಲಾ ನಡಿಗಿ ಅಂತ ಹಿಡಿಯಾಂಗಿಲ್ಲಂತ."

ಗಂಗೋತ್ರಿಗೆ ನಾಚಿಕೆಯಾಯಿತು. ಆ 'ಇನ್ನೊಂದು ಸುತ್ತು' ಬರೆದವಳು ಅವಳೇ.

ಊಟ ಮಾಡದೆ ಕಳಿಸುವ ಮಾತೇ ಇರಲಿಲ್ಲ. ರಾಚಪ್ಪ ಸುಲಯದ ತಟ್ಟೆ ಮುಂದಿಟ್ಟುಕೊಂಡು ಕೂತ. ಗಂಗೋತ್ರಿಗೆ ಬೇರೆ ತಟ್ಟೆ. ರೊಟ್ಟಿ, ಹೆಸರುಕಾಳಿನ ಪಲ್ಲೆ, ತುಸು ಮೆಂತೆ ಪಲ್ಲೆ, ಮೊಸರು.

"ಕಾಕೂ, ನೀವೂ ನಮ್ಮ ಜೋಡಿ ಕುಂಡ್ರಬೇಕಿತ್ತು."

"ನಂದೇನವಾ ಅವಸರ? ನಿಮ್ಮದಾಗಲಿ."

ರಾಚಪ್ಪ ಉಂಡೆದ್ದು ಕೈತೊಳೆದು, ಮಂಚದ ಮೇಲೆ ಅಡ್ಡಾದ. ಗಂಗೋತ್ರಿ ಫೋನು ತೆಗೆದು ನೋಡಿದಳು. ಒಂದೇ ಊಟ, ಮಿತವಾದದ್ದು, ಎಲ್ಲ ಸರಿಯಾಗಿದೆ ಎಂದು ತೋರಿಸುತ್ತಿತ್ತು. ಹಾಗಾದರೆ ದಿನಾಲೂ ಏನಾಗುತ್ತಿದೆ ಎಂದು ಅವಳು ತಲೆ ಕೆರೆದುಕೊಳ್ಳುತ್ತಿರುವಾಗಲೇ ಫೋನು ಗುಂಯ್‌ಗುಟ್ಟಿತು. 'ರಾಚಪ್ಪ ಐಲಿ: ಎರಡನೇ ಊಟ ನಡೆದಿದೆ. ಸೊಪ್ಪು ಹೆಚ್ಚು. ಸಂಜೆ ಔಷಧ ಏರಿಸಲಾಗುವುದು.'

ಅವಳು ಮಂಚದ ಕಡೆ ನೋಡಿದಳು. ರಾಚಪ್ಪ ಕಣ್ಣು ಮುಚ್ಚಿಕೊಂಡಿದ್ದ.

"ಕಾಕಾರ, ಈಗ ಏನ ಮಾಡಾಕ ಹತ್ತೀರಿ?"

"ಕಾಣವಲ್ದೇನ? ಮಲಗೇನಿ."

"ಹುಬ್ಬಳ್ಳ್ಯಾಗ ನೀವು ಉಣ್ಣಾಕ ಹತ್ತೀರಿ."

ಅವಳು ದಡಬಡಿಸಿ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಪಕ್ಕದಲ್ಲಿ ಅಂಬವ್ವ ಗಂಡ ಉಂಡ ತಟ್ಟೆಯನ್ನೇ ಮುಂದಿಟ್ಟುಕೊಂಡು ಕೂತಿದ್ದಳು. ಕಾಳಿನ ಪಲ್ಲೆ ಗಂಡನಿಗೂ ಬಂದವಳಿಗೂ ಮುಗಿದಿತ್ತು. ತಟ್ಟೆಯಲ್ಲಿ ಗುಡ್ಡೆ ಮೆಂತೆ ಪಲ್ಲೆ, ಪುಂಡಿ ಸೊಪ್ಪಿನ ಪಲ್ಲೆ, ಎರಡು ತಂಗಳ ರೊಟ್ಟಿ. ತಟ್ಟೆಯ ಅಂಚಿನ ಹಸಿರು ದೀಪ ಮಿಣುಕುತ್ತಿತ್ತು.

ಗಂಡ ಉಂಡ ತಟ್ಟೆಯಲ್ಲಿ ಹೆಂಡತಿ ಉಣ್ಣುವುದು. ಅಂಬವ್ವನಿಗೆ ಅತ್ತೆ ಹೇಳಿಕೊಟ್ಟದ್ದು, ಅತ್ತೆಗೆ ಅವಳ ಅತ್ತೆ. ಮದುವೆಯಾದ ದಿನದಿಂದ ನಡೆದುಬಂದದ್ದು. ರಾಚಪ್ಪ ಹೊತ್ತು ಹೊತ್ತಿಗೂ ಕಣ್ಣಾರೆ ಕಂಡದ್ದು, ಆದರೆ ಡಾಕ್ಟರಿಗಾಗಲಿ ಫೋನು ಮಾಡಿದವಳಿಗಾಗಲಿ ಅದನ್ನು ಹೇಳಬೇಕೆಂದು ಅವನ ತಲೆಗೇ ಬರಲಿಲ್ಲ. ಬಾಗಿಲು ತೆರೆದೆ, ಚಪ್ಪಲಿ ಬಿಟ್ಟೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಇನ್ನು ತಟ್ಟೆ ಮಾಡಿದ ಮಹಾನುಭಾವರೋ, ಒಂದು ತಟ್ಟೆಗೆ ಒಬ್ಬನೇ ಎಂದು ಬರೆದುಕೊಂಡು ಕೂತಿದ್ದರು. ಅವರು ಅದನ್ನು ಪರೀಕ್ಷೆ ಮಾಡಿದ್ದು ಕಂಪನಿಯ ಕ್ಯಾಂಟೀನಿನಲ್ಲಿ.

ಗಂಗೋತ್ರಿ ಅಲ್ಲೇ ನೆಲದ ಮೇಲೆ ಕೂತು, ನಡೆದದ್ದನ್ನು ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಅಂಬವ್ವನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನಾ ತಿಂದ ಸೊಪ್ಪಿಗೆ ಇವರ ಮೈಯಾಗ ಔಷಧ ಹೊಕ್ಕತೇನು?"

"ಹೌದ್ರಿ ಕಾಕೂ."

"ಹಂಗಾರ ಇವರ ಮೂಗಿನ್ಯಾಗ ರಕ್ತಾ ಸುರಿದದ್ದು ನನ್ನಿಂದ." ಅವಳು ತಟ್ಟೆಯನ್ನು ಮೊಣಕೈಯಿಂದ ದೂರ ತಳ್ಳಿದಳು. "ಅಯ್ಯ ಶಿವನ, ನಾ ಉಂಡು ಉಂಡು ಗಂಡನ್ನ ಕೊಲ್ಲಾಕ ಹತ್ತಿದ್ನೆಲ್ಲೋ!"

"ಕಾಕೂ, ಬಾಯಿ ಮುಚ್ಚರಿ!" ಗಂಗೋತ್ರಿಯ ದನಿ ಅವಳಿಗೇ ಜೋರಾಗಿ ಕೇಳಿಸಿತು. "ನೀವು ಹಸಿವಿಗೆ ಉಂಡೀರಿ, ಅಷ್ಟ. ಮನ್ಯಾಗ ಇನ್ನೊಂದು ಹೊಟ್ಟಿ ಐತಿ ಅನ್ನೂದು ಇದನ್ನ ಮಾಡಿದವರಿಗೆ ಗೊತ್ತಿರಲಿಲ್ಲ. ತಪ್ಪು ಅವರದು, ಅದನ್ನ ನಂಬಿದ ನಂದು."

ರಾಚಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಆ ಎರಡು ತಂಗಳ ರೊಟ್ಟಿಯನ್ನೇ ಬಹಳ ಹೊತ್ತು ನೋಡಿದ. ಗಂಗೋತ್ರಿ ಫೋನಿನಿಂದಲೇ ಆ ತಟ್ಟೆಯ ಲೆಕ್ಕವನ್ನು ಕೈಬಿಟ್ಟು, ಔಷಧವನ್ನು ಮೊದಲಿನ ಡಾಕ್ಟರು ಬರೆದ ಅಳತೆಗೆ ಇಳಿಸಿದಳು. ಗದಗಿನಲ್ಲಿ ನಾಳೆಯೇ ರಕ್ತ ತೋರಿಸಬೇಕೆಂದು ಕೈಹಿಡಿದು ಹೇಳಿ ಬಂದಳು.

ಸೋಮವಾರ ನಿಯಂತ್ರಣ ಕೊಠಡಿಯಲ್ಲಿ ಅವಳೂ ಪಟ್ಟಿಗಳ ತಂತ್ರಜ್ಞ ನದಾಫನೂ ಕೂತು ಉಳಿದ ಮನೆಗಳನ್ನು ತೆಗೆದರು. ಎರಡನೇ ಊಟದ 'ಮೋಸಗಾರರು' ಸಾವಿರ ಸಾವಿರ. ನದಾಫ ಎಲ್ಲ ರೋಗಿಗಳಲ್ಲಿ ಹೆಂಡತಿ ತೀರಿಕೊಂಡವರನ್ನು ಬೇರೆ ಮಾಡಿ ನೋಡಿದ. ಅವರಲ್ಲಿ ಒಬ್ಬನೂ ಎರಡು ಸಲ ಉಂಡಿರಲಿಲ್ಲ.

"ಮೇಡಂ, ಇದನ್ನ ನೋಡ್ರಿ. ಪಂಚಮಿ ವಾರದಾಗ ಎರಡನೇ ಊಟ ಧಡಕ್ಕನ ಇಳದಾವ."

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿರುತ್ತಾರೆ! ಆ ವಾರ ಗಂಡಸರೆಲ್ಲ ಒಮ್ಮೆಲೇ ಸಾಧು ಸಂತರಾಗಿದ್ದರು. ಡಾ. ಹರಿನಾಥ್ ಅದನ್ನು ತಮ್ಮ 'ಹಬ್ಬದಲ್ಲಿ ಮಿತಾಹಾರ' ಅಭಿಯಾನದ ಯಶಸ್ಸೆಂದು ಹೇಳಿ ಬೆಂಗಳೂರಿಗೆ ಹೋಗಿ ಶಾಲು ಹೊದಿಸಿಕೊಂಡು ಬಂದಿದ್ದರು. ನದಾಫ ನಗಲಿಕ್ಕೆ ಹೋದ. ಅಷ್ಟರಲ್ಲಿ ಗಂಗೋತ್ರಿ ರೋಣದ ಒಬ್ಬಾತನ ಹೆಸರು ತೆಗೆದಳು. ಎರಡು ಊಟ, ಸೊಪ್ಪು ಹೆಚ್ಚು, ತಲೆಯೊಳಗೆ ರಕ್ತಸ್ರಾವ, ಸಾವು. ಕಾರಣ: ಅಸಹಕಾರ. ನದಾಫನ ನಗು ಅಲ್ಲಿಗೇ ನಿಂತಿತು.

ಡಾ. ಹರಿನಾಥ್ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಸುಳ್ಳೆಂದು ಹೇಳಲಿಲ್ಲ. ಅದೇ ಗಂಗೋತ್ರಿಯ ಮೈ ಉರಿಸಿದ್ದು.

"ಒಳ್ಳೇ ಕೆಲಸ ಮಾಡಿದೀರಿ. ಮುಂದಿನ ತಟ್ಟೆಯಲ್ಲಿ ಇದನ್ನ ಸರಿ ಮಾಡೋಣ."

"ಮುಂದಿನ ತಟ್ಟಿ ಬರೂ ತನಕ? ಅಷ್ಟೂ ಮನ್ಯಾಗ ಇವತ್ತೂ ಔಷಧ ಏರಾಕ ಹತ್ತೈತ್ರಿ ಸರ್!"

"ಒಂದೇ ಸಲ ಎಲ್ಲಾ ನಿಲ್ಲಿಸಿದ್ರೆ ಜನ ಏನಂದ್ಕೋತಾರೆ? ನೋಡಿ, ಇದು ಯಂತ್ರದ ದೋಷ ಅಲ್ಲ, ಬಳಕೆಯ ತಪ್ಪು. ರೋಗಿಯ ತಟ್ಟೇನ ಬೇರೆಯವರು ಮುಟ್ಟಬಾರದು ಅಂತ ಪುಸ್ತಕದಲ್ಲಿ ಹಾಕಿದೀವಿ. ಆ ಹೆಂಗಸು ಕ್ಯಾಮೆರಾ ಮುಂದೆ ಅಷ್ಟನ್ನ ಒಪ್ಪಿಕೊಳ್ಳಲಿ. ಅದನ್ನ ಉಳಿದ ಮನೆಗಳಿಗೂ ತೋರಿಸೋಣ, ಹೆಂಗಸರು ಎಚ್ಚರ ಆಗ್ತಾರೆ. ಗಂಡನ ಸರದಿ ನಾನು ಉಳಿಸ್ತೀನಿ. ಒಪ್ಪದಿದ್ರೆ ಇಲ್ಲ."

ಪುಸ್ತಕ! ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ತಾವು ಮಾಡಿದ ಹೊಲಸನ್ನು ಒಲೆಯ ಮುಂದೆ ಕೂತವಳ ಸೆರಗಿಗೆ ಒರೆಸಿ ಕೈತೊಳೆದುಕೊಳ್ಳುವ ಹುನ್ನಾರ. ಗಂಗೋತ್ರಿ ಬೇಡವೆಂದು ಎಷ್ಟು ಹೇಳಿದರೂ ಡಾ. ಹರಿನಾಥ್ ತಾವೇ ಬೆಟಗೇರಿಗೆ ಫೋನು ಮಾಡಿದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಂದರು. ಅಂಬವ್ವ ಇದ್ದುದರಲ್ಲೇ ಒಳ್ಳೆಯ ಇಳಕಲ್ಲ ಸೀರೆ ಉಟ್ಟಿದ್ದಳು. ಕೊಠಡಿಯ ನಡುವೆ ಕುರ್ಚಿ ಹಾಕಿ, ಎದುರಿಗೆ ಕ್ಯಾಮೆರಾ ಇಟ್ಟಿದ್ದರು.

ಗಂಗೋತ್ರಿ ಅವಳ ಹತ್ತಿರ ಬಗ್ಗಿ ಮೆಲ್ಲಗೆ, "ಕಾಕೂ, ಇದನ್ನ ಹೇಳಬ್ಯಾಡ್ರಿ" ಎಂದಳು.

"ಸುಮ್ಮನಿರು ಯವ್ವಾ. ನಮ್ಮ ಮನಿಯವರ ಎದಿ ನೆಟ್ಟಗ ಆಗ್ತೈತಂದ್ರ ನಾ ಏನ್ ಬೇಕಾದ್ರೂ ಹೇಳ್ತೇನಿ. ಒಂದು ಮಾತಿಗೆ ನಂದೇನು ಹೋಗ್ತೈತಿ?"

ಡಾ. ಹರಿನಾಥ್ ನಗುಮುಖದಿಂದ ಹೇಳಿಕೊಟ್ಟರು. "ಹೇಳಿಯಮ್ಮಾ. ನನ್ನ ಅಜಾಗರೂಕತೆಯಿಂದ ನನ್ನ ಪತಿಯ ಜೀವಕ್ಕೆ ಅಪಾಯವಾಯಿತು."

"ನನ್ನ..." ಅಂಬವ್ವ ಸೆರಗು ಸರಿಮಾಡಿಕೊಂಡಳು. "ನನ್ನ ಅಜಾಗ್ರತಿಯಿಂದ..."

"ಸಾಕು ಮಾಡು" ಎಂದ ರಾಚಪ್ಪ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಎದ್ದು ಬಂದು ಕ್ಯಾಮೆರಾಕ್ಕೆ ಬೆನ್ನು ಮಾಡಿ, ಹೆಂಡತಿಯ ಮುಂದೆ ನಿಂತ.

"ಆಕಿ ಏನೂ ಹೇಳಂಗಿಲ್ಲ. ಇಷ್ಟು ವರ್ಷ ಆಕಿ ಏನು ಉಂಡ್ಳು, ಎಷ್ಟು ಉಂಡ್ಳು, ನಾನೂ ಕೇಳಿಲ್ಲ, ನಿಮ್ಮ ತಟ್ಟೀನೂ ಕೇಳಿಲ್ಲ. ಮೊನ್ನಿ ಮೊದಲನೇ ಸಲ ಕಣ್ಣಿಟ್ಟು ನೋಡಿದ್ಯಾ, ತಂಗಳ ರೊಟ್ಟಿ ಮತ್ತ ಸೊಪ್ಪು. ತಪ್ಪು ಒಪ್ಪಿಕೋ ಅಂದ್ರ ನಾ ಒಪ್ಪಿಕೋತೇನ್ರಿ, ಆಕಿ ಯಾಕ?"

"ರಾಚಪ್ಪನವರೇ, ನಿಮ್ಮ ಸರದಿ..."

"ನಿಮ್ಮ ಸರದಿ ನೀವ ಇಟ್ಕೋರಿ! ಎದಿ ತಾಳ ತಪ್ಪಿದ್ರ ತಪ್ಪವಲ್ದ್ಯಾಕ. ಉಂಡದ್ದಕ್ಕ ಆಕೀನ್ನ ತಪ್ಪುಗಾರ್ತಿ ಮಾಡಿ ಎದಿ ರಿಪೇರಿ ಮಾಡಿಸಿಕೊಳ್ಳೂವಷ್ಟು ನಾ ಕೆಟ್ಟಿಲ್ಲ."

ಡಾ. ಹರಿನಾಥ್ ನಿಟ್ಟುಸಿರು ಬಿಟ್ಟು, ತಮ್ಮ ಮೇಜಿಗೆ ಹೋಗಿ ಒಂದು ಬಟನ್ ಒತ್ತಿದರು. ದೊಡ್ಡ ತೆರೆಯ ಮೇಲಿನ ಚಿಕಿತ್ಸೆಯ ಸರದಿಯಲ್ಲಿ ರಾಚಪ್ಪನ ಹೆಸರು ಅಳಿಸಿ, ಕೆಳಗಿನ ಹೆಸರುಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದವು. ಅಂಬವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

ಗಂಗೋತ್ರಿ ತನ್ನ ಕುರ್ಚಿಗೆ ಹೋಗಿ ಕೂತಳು. ತಟ್ಟೆ ತಪ್ಪು ತೂಗುತ್ತಿದೆ ಎನಿಸಿದರೆ ಅದರ ಲೆಕ್ಕ ಕೈಬಿಟ್ಟು ಡಾಕ್ಟರು ಬರೆದ ಅಳತೆಗೆ ಔಷಧ ಇಳಿಸುವ ಅಧಿಕಾರ, ಪಾಳಿಯಲ್ಲಿ ಕೂತ ಆಹಾರ ತಜ್ಞೆಗೆ ಇತ್ತು. ಒಂದೊಂದೇ ಮನೆಗೆ ಮಾಡುತ್ತಿದ್ದರು. ಎಲ್ಲ ಮನೆಗಳನ್ನೂ ಒಮ್ಮೆಲೇ ಮಾಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಅವಳು ಎರಡನೇ ಊಟದ ಮನೆಗಳನ್ನೆಲ್ಲ ಆರಿಸಿದಳು. 'ರೋಗಿಗೆ ಓದಿ ಹೇಳಬೇಕಾದ ಕಾರಣ?' ಎಂದು ತೆರೆ ಕೇಳಿತು. ಅವಳು ಬರೆದಳು.

"ಏನ್ ಮಾಡ್ತಿದೀರಿ?" ಡಾ. ಹರಿನಾಥರ ದನಿ ಮೊದಲ ಸಲ ಏರಿತು. "ಯಾರನ್ನ ಕೇಳಿ ಮಾಡ್ತಿದೀರಿ? ನಾಳೆಯಿಂದ ಇಲ್ಲಿಗೆ ಬರಬೇಡಿ ನೀವು!"

"ಬರಂಗಿಲ್ರಿ ಸರ್. ಇವತ್ತಿನ ಪಾಳಿ ನಂದೈತಿ" ಎಂದು ಅವಳು ಒತ್ತಿಬಿಟ್ಟಳು.

ಗದಗ, ರೋಣ, ನರಗುಂದ, ಮುಂಡರಗಿ, ಎಲ್ಲ ಕಡೆಯೂ ಅದು ಊಟದ ಹೊತ್ತು. ಉಣ್ಣುತ್ತ ಕೂತ, ಉಂಡು ಎದ್ದ, ಇನ್ನೂ ಕೈತೊಳೆಯುತ್ತಿದ್ದ ಗಂಡಸರ ಎದೆಯ ಮೇಲಿನ ಪಟ್ಟಿಗಳೆಲ್ಲ ಒಟ್ಟಿಗೇ ಬಾಯಿ ತೆರೆದವು. 'ಔಷಧ ಇಳಿಸಲಾಗಿದೆ. ಕಾರಣ: ಈ ತಟ್ಟೆಯಲ್ಲಿ ನಿಮ್ಮ ಹೆಂಡತಿಯೂ ಉಣ್ಣುತ್ತಾರೆ. ಅದು ನಮಗೆ ತಿಳಿದಿರಲಿಲ್ಲ. ನಾಳೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ. ಈಗ ಅವರ ಊಟ ಆಯಿತೇ, ಕೇಳಿ.'

ಕೊಠಡಿಯ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು. ನದಾಫ ಒಂದನ್ನು ಎತ್ತಿದ, ಗಂಗೋತ್ರಿ ಇನ್ನೊಂದನ್ನು.

"ಏನ್ರೀ ಇದು ಚಾಷ್ಟಿ!" ನರಗುಂದದಿಂದ ಒಬ್ಬ ಗಂಡಸು ಕೂಗಾಡುತ್ತಿದ್ದ. "ಮನಿ ತುಂಬ ಬೀಗರು ಕುಂತಾರ. ಎಲ್ಲಾರ ಮುಂದ ನನ್ನ ಎದಿ ನನ್ನ ಹೆಂಡ್ತಿ ಊಟದ ಸುದ್ದಿ ಕೇಳ್ತೈತೇನ್ರೀ?"

"ಹೌದ್ರಿ, ಕೇಳ್ತೈತಿ. ಆಕಿ ಊಟ ಆತೇನ್ರಿ?"

ಆ ಕಡೆ ತಟ್ಟೆ ಸರಿಸಿದ ಸಪ್ಪಳ, ಯಾರೋ ಕೆಮ್ಮಿದ್ದು ಕೇಳಿಸಿತು.

"ಅದು... ನನಗೇನು ಗೊತ್ರಿ?"

"ಒಳಗ ಹೋಗಿ ಕೇಳಿ ಬರ್ರಿ. ಏನು ಉಂಡಾರ, ಅದನ್ನೂ ನೋಡಿ ಬರ್ರಿ" ಎಂದಳು ಗಂಗೋತ್ರಿ. "ನಾ ಫೋನ್ ಹಿಡಕೊಂಡ ಇರ್ತೇನಿ."